ಸಿಂಗಳೀಕದ ಕಾಡಿಗೆ ಹೋಗುವ ಮುಂಚೆ: ಮಂಗಗಳನ್ನು ನೋಡುವ ಬಗೆ, ಎದುರಾದರೆ ನಡೆದುಕೊಳ್ಳುವ ಬಗೆ

ಜೋಗ ನೋಡಿ ಹೊನ್ನಾವರದ ಕಡೆ ಇಳಿಯುವ ರಸ್ತೆ ಇದೆಯಲ್ಲ, ಮಾವಿನಗುಂಡಿ ದಾಟುತ್ತಿದ್ದಂತೆ ಎರಡೂ ಬದಿಯ ಮರಗಳು ತಲೆಯ ಮೇಲೆ ಕೂಡಿಕೊಂಡು ಮಧ್ಯಾಹ್ನವೂ ಮಬ್ಬಾಗಿರುತ್ತದೆ, ಆ ರಸ್ತೆ. ಅಲ್ಲಿ ಕಾರು ನಿಲ್ಲಿಸುವವರಲ್ಲಿ ಬಹಳ ಜನ ಮಂಗ ಕಂಡಿತು ಅಂತಲೇ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಕೈ ತಾನಾಗಿ ಬಿಸ್ಕತ್ ಪ್ಯಾಕೆಟ್ಟಿಗೆ ಹೋಗುತ್ತದೆ. ದಯವಿಟ್ಟು ಆ ಕೈಯನ್ನು ಅಲ್ಲೇ ತಡೆಯಿರಿ. ಕಾಡಿನ ಮಂಗಗಳ ಜೊತೆ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ತಿನಿಸಿನಿಂದಲೇ ಶುರುವಾಗುತ್ತವೆ. ಅದು ನಿಮ್ಮ ಕೈಯಲ್ಲಿ ಇರದಿದ್ದರೆ, ಚೀಲದಲ್ಲೂ ಕಾಣದಿದ್ದರೆ, ಮಂಗಕ್ಕೆ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ. ಆಗ ನೀವು ಆರಾಮಾಗಿ ನಿಂತು ನೋಡಬಹುದು.

ಈ ಕಾಡು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. 1972ರ ಹಳೆಯ ಶರಾವತಿ ಅಭಯಾರಣ್ಯ, 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು, ಅಕ್ಕಪಕ್ಕದ ಮೀಸಲು ಅರಣ್ಯ ಇಷ್ಟನ್ನೂ ಸೇರಿಸಿ 2019ರಲ್ಲಿ ಒಂದೇ ಅಭಯಾರಣ್ಯ ಮಾಡಿದರು. ಈಗ ಸುಮಾರು 930 ಚದರ ಕಿಲೋಮೀಟರ್ ಇದೆ, ಶಿವಮೊಗ್ಗ ಮತ್ತು ಉತ್ತರ ಕನ್ನಡ ಎರಡೂ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಇದರೊಳಗೆ ಊರುಗಳಿವೆ, ಅಡಿಕೆ ತೋಟಗಳಿವೆ, ಬಸ್ಸು ಓಡುವ ಹೆದ್ದಾರಿ ಇದೆ. ಹಾಗಾಗಿ ಬಂಡೀಪುರದ ತರಹ ಒಂದು ದೊಡ್ಡ ಗೇಟು, ಟಿಕೆಟ್ಟು, ಸಫಾರಿ ಬಸ್ಸು ಅಂತ ಕಲ್ಪಿಸಿಕೊಂಡು ಹೋಗಬೇಡಿ. ಹೆದ್ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ನೀವು ಆಗಲೇ ಅಭಯಾರಣ್ಯದ ಒಳಗಿರುತ್ತೀರಿ. ಕೆಳಗೆ ಹೇಳಿರುವುದರಲ್ಲಿ ಬಹುಪಾಲು ಆಗುಂಬೆ ಘಾಟಿಗೂ, ಅದರ ಕೆಳಗಿನ ಸೋಮೇಶ್ವರ ಅಭಯಾರಣ್ಯಕ್ಕೂ, ಕುದುರೆಮುಖಕ್ಕೂ ಹಾಗೇ ಹೊಂದುತ್ತದೆ.

1. ಮೊದಲು ಯಾರು ಯಾರೆಂದು ಗುರುತಿಸಿಕೊಳ್ಳಿ

ಇಲ್ಲಿ ಹಗಲು ಹೊತ್ತು ಕಾಣುವುದು ಮೂರು ಜಾತಿ. ಮೂರರ ಸ್ವಭಾವವೂ ಬೇರೆ ಬೇರೆ. ಯಾವುದು ಎದುರಿಗಿದೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ.

ಮೊದಲನೆಯದು ನಾವು ಎಲ್ಲ ಕಡೆ ನೋಡುವ ಮಂಗ, ಮೈಸೂರು ಕಡೆಯವರ ಕೋತಿ. ತಲೆಯ ಮೇಲೆ ನಡುವೆ ಬೈತಲೆ ತೆಗೆದು ಬಾಚಿದ ಹಾಗೆ ಕೂದಲು, ಕಂದು ಮೈ, ಉದ್ದ ಬಾಲ. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಇದು ಸಹಜವಾಗಿ ಇಲ್ಲ. ಜೋಗದ ಪಾರ್ಕಿಂಗ್‌ನಲ್ಲಿ, ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಹತ್ತಿರ, ಘಾಟಿಯ ತಿರುವುಗಳಲ್ಲಿ ಕೈಯಿಂದ ಕಿತ್ತುಕೊಳ್ಳುವ ಮಂಗ ಸಾಮಾನ್ಯವಾಗಿ ಇದೇ. ಕೆನ್ನೆಯೊಳಗೆ ಚೀಲದಂತೆ ಜಾಗ ಇರುವುದರಿಂದ ಸಿಕ್ಕಿದ್ದನ್ನು ತುಂಬಿಕೊಂಡು ಓಡಿಹೋಗಿ ಆಮೇಲೆ ನಿಧಾನವಾಗಿ ತಿನ್ನುತ್ತದೆ.

ಎರಡನೆಯದು ಮುಸಿಯ. ಬೂದು ಮೈ, ಕಪ್ಪು ಮುಖ, ಕಪ್ಪು ಕೈಕಾಲು, ಮೈಗಿಂತ ಉದ್ದದ ಬಾಲ. ಎಲೆ, ಚಿಗುರು, ಕಾಯಿ ಇದರ ಊಟ. ಎಲೆ ಜೀರ್ಣವಾಗಲೆಂದೇ ಇದರ ಹೊಟ್ಟೆಯಲ್ಲಿ ಹಲವು ಕೋಣೆಗಳಿವೆ, ದನಕ್ಕೆ ಇರುವಂತೆ. ಅಂಥ ಹೊಟ್ಟೆಗೆ ಕ್ರೀಮ್ ಬಿಸ್ಕತ್ತು, ಕುರುಕಲು ಹಾಕಿದರೆ ಅದಕ್ಕೆ ಒಳ್ಳೆಯದಾಗುವುದಿಲ್ಲ. ಮುಸಿಯ ಸಾಮಾನ್ಯವಾಗಿ ನಾಚಿಕೆಯ ಪ್ರಾಣಿ, ದೂರ ಇರುತ್ತದೆ.

ಮೂರನೆಯದು ಸಿಂಗಳೀಕ. ಇದನ್ನು ನೋಡಲೆಂದೇ ಈ ಕಾಡಿಗೆ ಬರಬೇಕು. ಕರಿ ಮೈ, ಮುಖದ ಸುತ್ತ ಬೆಳ್ಳಿ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂತೆ ಒಂದು ಕುಚ್ಚು. ಹುಟ್ಟಿದ ಮರಿಗೆ ಕೇಸರ ಇರುವುದಿಲ್ಲ, ಬೆಳೆದಂತೆ ಬರುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಎಲ್ಲೂ ಇಲ್ಲ, ಘಟ್ಟದಲ್ಲೂ ಕರ್ನಾಟಕ, ಕೇರಳ, ತಮಿಳುನಾಡಿನ ತುಂಡು ತುಂಡು ಕಾಡುಗಳಲ್ಲಿ ಮಾತ್ರ. ಒಟ್ಟು ಕಾಡಿನಲ್ಲಿ ಉಳಿದಿರುವುದು 4,000ಕ್ಕಿಂತ ಕಡಿಮೆ ಅನ್ನುವ ಅಂದಾಜಿದೆ. ಅವುಗಳ ಉತ್ತರದ ಗಡಿ ಇದೇ ಶರಾವತಿ ಮತ್ತು ಅಘನಾಶಿನಿಯ ಕಣಿವೆ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಆರು ವರ್ಷ ದಾಟಿರುತ್ತದೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡೂವರೆ ಮೂರು ವರ್ಷ ಬೇಕು. ರಸ್ತೆಯಲ್ಲಿ ಒಂದು ತಾಯಿ ಸತ್ತರೆ ಆ ಗುಂಪು ಅದನ್ನು ತುಂಬಿಕೊಳ್ಳಲು ಎಷ್ಟು ವರ್ಷ ಬೇಕು ಅಂತ ನೀವೇ ಲೆಕ್ಕ ಹಾಕಿ.

ಕೊಡಗಿನ ಕಾಡುಗಳಲ್ಲಿ ಕಾಣುವ ಕರಿ ಲಂಗೂರನ್ನು ಕೆಲವರು ಸಿಂಗಳೀಕ ಅಂದುಕೊಳ್ಳುತ್ತಾರೆ. ಅದು ನೀಲಗಿರಿ ಲಂಗೂರ್. ಶರಾವತಿ ಕಡೆ ಅದು ಇಲ್ಲ, ಹಾಗಾಗಿ ಇಲ್ಲಿ ಆ ಗೊಂದಲ ಬೇಡ. ಬಾಲದ ಕುಚ್ಚು ನೋಡಿದರೆ ಸಾಕು.

2. ಯಾವಾಗ, ಎಲ್ಲಿಂದ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಗ ಚೆನ್ನಾಗಿರುತ್ತದೆ, ಮಂಗ ನೋಡುವುದು ಕಷ್ಟ. ಮಳೆಯಲ್ಲಿ ಮರದ ತುದಿ ಕಾಣುವುದಿಲ್ಲ, ದುರ್ಬೀನಿನ ಗಾಜಿಗೆ ಮಂಜು ಕೂರುತ್ತದೆ, ಕಾಲಿಗೆ ಇಂಬಳ (ಜಿಗಣೆ). ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಂಗಗಳಿಗೆ ಮರಿಗಳಾಗುವ ಕಾಲ, ನೋಡಲು ಚೆಂದ, ಆದರೆ ತಾಯಂದಿರು ಎಚ್ಚರವಾಗಿರುತ್ತವೆ ಮತ್ತು ಉಣುಗಿನ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ, ಉಣ್ಣೆ) ಕಾಟವೂ ಆಗಲೇ ಜಾಸ್ತಿ. ಅದನ್ನು ಕೆಳಗೆ ಬೇರೆಯಾಗಿ ಹೇಳುತ್ತೇನೆ.

ರೈಲಿನಲ್ಲಿ ಬರುವವರು ತಾಳಗುಪ್ಪದವರೆಗೆ ಬರಬಹುದು, ಕರಾವಳಿಯಿಂದಾದರೆ ಹೊನ್ನಾವರ. ಉಳಿಯಲು ಸಾಗರ, ಸಿದ್ದಾಪುರ ಸುತ್ತಮುತ್ತ ಹೋಂಸ್ಟೇಗಳಿವೆ. ನನ್ನ ಸಲಹೆ ಕೇಳುವುದಾದರೆ, ತೋಟದ ಮನೆಯ ಹೋಂಸ್ಟೇ ಆರಿಸಿಕೊಳ್ಳಿ. ಸಂಜೆ ಜಗಲಿಯಲ್ಲಿ ಕೂತು ಮನೆಯ ಯಜಮಾನರನ್ನು ಕೇಳಿ, "ಈಚೆಗೆ ಸಿಂಗಳೀಕ ಯಾವ ಕಡೆ ಕಂಡಿದ್ದು ಮಾರಾಯ್ರೇ?" ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ. ಆದರೆ ಒಂದು ವಿಷಯ ನೆನಪಿರಲಿ. ಅವರಿಗೆ ಮಂಗ ಅಂದರೆ ನಷ್ಟ. ಬಾಳೆ, ಏಲಕ್ಕಿ, ಎಳೆ ಅಡಿಕೆ ಎಲ್ಲ ಹಾಳಾಗುತ್ತದೆ. ಮಂಗಗಳನ್ನು ಹಿಡಿದು ಬಿಡಲು ಬೇರೆಯೇ ಜಾಗ, ಅಂದರೆ ಮಂಕಿ ಪಾರ್ಕ್, ಬೇಕು ಅಂತ ಮಲೆನಾಡಿನ ರೈತರು ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ. ಅವರ ಮುಂದೆ ಕೂತು "ಅಯ್ಯೋ ಎಷ್ಟು ಮುದ್ದಾಗಿವೆ" ಅಂತ ಶುರು ಮಾಡುವ ಬದಲು ಅವರ ಮಾತನ್ನು ಕೇಳಿಸಿಕೊಳ್ಳಿ.

ಕಾಡಿನ ಒಳಗೆ ನಡೆಯಬೇಕೆಂದರೆ ಅನುಮತಿ ಬೇಕು. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅವರು ಹೇಳಿದ ದಾರಿಯಲ್ಲಿ, ಅವರು ಹೇಳಿದವರ ಜೊತೆ ಹೋಗಿ. ಗೂಗಲ್ ಮ್ಯಾಪಿನಲ್ಲಿ ಒಂದು ಗೆರೆ ಕಂಡಿತೆಂದು ಅಭಯಾರಣ್ಯದೊಳಗೆ ಇಳಿಯುವುದು ಅಪರಾಧ, ಅಪಾಯವೂ ಹೌದು. ಅನುಮತಿ ಸಿಗಲಿಲ್ಲ ಅಂತ ಬೇಜಾರು ಬೇಡ. ಹೆದ್ದಾರಿಯ ಅಂಚಿನಲ್ಲಿ, ವಾಹನ ಪೂರ್ತಿ ಪಕ್ಕಕ್ಕೆ ನಿಲ್ಲಿಸಲು ಜಾಗ ಇರುವ ಕಡೆ ತಾಳ್ಮೆಯಿಂದ ನಿಂತರೂ ಸಿಂಗಳೀಕ ಕಾಣುತ್ತವೆ.

3. ಚೀಲ ಕಟ್ಟುವಾಗ

ಇಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಪ್ರವಾಸಿಗರನ್ನು ಕಂಡು ಕಂಡು ಪಳಗಿದ ಮಂಗಕ್ಕೆ ಕವರಿನ ಪರಪರ ಸದ್ದು ಕೇಳಿದರೆ ಸಾಕು, ಊಟದ ಗಂಟೆ ಹೊಡೆದಂತೆ. ಕವರಿನಲ್ಲಿ ಒಗೆದ ಬಟ್ಟೆ ಇದ್ದರೂ ಅದು ಎಳೆಯುತ್ತದೆ, ಯಾಕೆಂದರೆ ಹಿಂದಿನ ಹತ್ತು ಕವರುಗಳಲ್ಲಿ ಚಿಪ್ಸು ಬಾಳೆಹಣ್ಣು ಇತ್ತು. ಬುತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಬೆನ್ನಿನ ಚೀಲದ ತಳಕ್ಕೆ ಇಡಿ. ನೀರಿನ ಬಾಟಲಿಯನ್ನು ಚೀಲದ ಪಕ್ಕದ ಜೇಬಿನಲ್ಲಿ ಕಾಣುವ ಹಾಗೆ ಸಿಕ್ಕಿಸಬೇಡಿ. ಬಣ್ಣದ ಜ್ಯೂಸಿನ ಬಾಟಲಿಯಂತೂ ಬೇಡ. ಬೈಕಿನಲ್ಲಿ ಬರುವವರು ಟ್ಯಾಂಕಿನ ಮೇಲಿನ ಚೀಲ, ಹ್ಯಾಂಡಲ್‌ಗೆ ನೇತುಹಾಕಿದ ಚೀಲ ಬಿಟ್ಟು ಹೋಗಬಾರದು. ಜಿಪ್ಪು ತೆಗೆಯುವುದು ಮಂಗಕ್ಕೆ ದೊಡ್ಡ ವಿಷಯವಲ್ಲ.

ಕನ್ನಡಕ, ಕಿವಿಯೋಲೆ, ಟೋಪಿ, ಕೊರಳಿಗೆ ನೇತಾಡುವ ಮೊಬೈಲು, ಇವು ಮಂಗ ಹತ್ತಿರ ಇರುವ ಜಾಗದಲ್ಲಿ ಒಳಗಿರಲಿ. ಕನ್ನಡಕ ಇಲ್ಲದೆ ಕಾಣುವುದಿಲ್ಲ ಅನ್ನುವವರು ಹಿಂದಿನಿಂದ ದಾರ ಕಟ್ಟಿಕೊಳ್ಳಿ.

ತೆಗೆದುಕೊಂಡು ಹೋಗಬೇಕಾದ್ದು: ದುರ್ಬೀನು (8x42 ಅನ್ನುವ ಅಳತೆಯದು ಈ ಮಬ್ಬು ಕಾಡಿಗೆ ಚೆನ್ನಾಗಿ ಒಗ್ಗುತ್ತದೆ), ಉದ್ದ ತೋಳಿನ ತಿಳಿ ಬಣ್ಣದ ಅಂಗಿ, ಪೂರ್ತಿ ಪ್ಯಾಂಟು, ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿಕೊಳ್ಳುವಷ್ಟು ಉದ್ದದ ಕಾಲುಚೀಲ, ಸಣ್ಣ ಸೋಪು, ಒಂದು ಚಿಮುಟ. ತಿಳಿ ಬಣ್ಣ ಹೇಳಿದ್ದು ಮಂಗಕ್ಕಾಗಿ ಅಲ್ಲ, ಉಣುಗು ಹತ್ತಿದರೆ ನಿಮಗೆ ಕಾಣಲಿ ಅಂತ. ನಿಮಗೆ ನೆಗಡಿ ಕೆಮ್ಮು ಇದ್ದರೆ ಮಾಸ್ಕ್ ಇರಲಿ, ಇಲ್ಲವೇ ಆ ಸಲ ದೂರದಿಂದಲೇ ನೋಡಿ. ನಮ್ಮ ಉಸಿರಿನ ಕಾಯಿಲೆಗಳು ಅವಕ್ಕೂ ಅಂಟುತ್ತವೆ.

4. ಕಾಡಿನಲ್ಲಿ ಹುಡುಕುವುದು

ಬೆಳಿಗ್ಗೆ ಆರೂವರೆಯಿಂದ ಹತ್ತು, ಸಂಜೆ ಮೂರೂವರೆಯಿಂದ ಐದೂವರೆ. ನಡುವಿನ ಹೊತ್ತಿನಲ್ಲಿ ಅವು ಮರದ ಮೇಲೆ ಮಲಗಿಯೋ ಒಂದರ ಮೈ ಇನ್ನೊಂದು ಹೆಕ್ಕುತ್ತಲೋ ಇರುತ್ತವೆ, ಹತ್ತು ಅಡಿ ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ.

ಮಂಗವನ್ನು ಹುಡುಕಬೇಡಿ, ಹಣ್ಣಿನ ಮರವನ್ನು ಹುಡುಕಿ. ಅತ್ತಿ, ಬಸರಿ, ಆಲದ ಜಾತಿಯ ಮರ ಕಾಯಿ ಬಿಟ್ಟಿದ್ದರೆ ಅಲ್ಲಿ ಮಂಗಟ್ಟೆ ಹಕ್ಕಿಯೂ ಕೆಂದಳಿಲೂ ಸಿಂಗಳೀಕವೂ ಒಂದರ ಹಿಂದೆ ಒಂದು ಬರುತ್ತವೆ. ಹಲಸು, ಉಪ್ಪಾಗೆ, ಮುರುಗಲು, ರಾಂಪತ್ರೆ ಇವೂ ಅವುಗಳ ಊಟ. ದಕ್ಷಿಣದ ಘಟ್ಟಗಳಲ್ಲಿ ಸಿಂಗಳೀಕಕ್ಕೆ ವರ್ಷದ ಬಹುಕಾಲ ಆಸರೆಯಾಗುವ ಒಂದು ಕಾಡುಹಲಸಿನಂಥ ಮುಳ್ಳು ಕಾಯಿಯ ಮರ ಇದೆ, ಅದು ಇಲ್ಲಿಲ್ಲ. ಹಾಗಾಗಿ ಇಲ್ಲಿಯ ಗುಂಪುಗಳು ಹಲವು ಮರಗಳನ್ನು ನಂಬಿಕೊಂಡು ಅಲೆಯುತ್ತವೆ. ಮಳೆಗಾಲದಲ್ಲಿ ಉಪ್ಪಾಗೆ ಸಿಪ್ಪೆಗಾಗಿ ಜನರೂ ಅದೇ ಮರಕ್ಕೆ ಬರುತ್ತಾರೆ. ಅಘನಾಶಿನಿಯಲ್ಲಿ ಊರವರ ಈ ಹಕ್ಕನ್ನು ಕಿತ್ತುಕೊಳ್ಳದೆ, ಮಂಗಕ್ಕೂ ಒಂದಿಷ್ಟು ಉಳಿಸುವ ದಾರಿ ಹುಡುಕಿದ್ದು ನನಗೆ ಬಹಳ ಮೆಚ್ಚುಗೆಯ ವಿಷಯ.

ಕತ್ತಲೆಕಾನು ಅನ್ನುವ ಜಾಗ ಈ ರಸ್ತೆಯ ಪಕ್ಕದಲ್ಲೇ ಇದೆ. ರಾಂಪತ್ರೆ ಜಾತಿಯ ಮರಗಳ ಜೌಗು ಅದು. ನೀರು ನಿಂತ ನೆಲದಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಒಳಗೆ ಹೋಗಿರುತ್ತವೆ. ಜಗತ್ತಿನ ಅಪರೂಪದ ಮರವೊಂದಕ್ಕೆ, ಗೇರಿನ ಸಂಬಂಧಿಯದು, ವಿಜ್ಞಾನಿಗಳು ಈ ಜಾಗದ ಹೆಸರನ್ನೇ ಇಟ್ಟಿದ್ದಾರೆ. ಆ ನೆಲ ತುಳಿದರೆ ಹಾಳಾಗುತ್ತದೆ, ಒಳಗೆ ಇಳಿಯದೆ ಅಂಚಿನಿಂದ ನೋಡಿ.

ಕಣ್ಣಿಗಿಂತ ಮೊದಲು ಕಿವಿ ಕೆಲಸಕ್ಕೆ ಬರುತ್ತದೆ. ಗಾಳಿಯಿಲ್ಲದೆ ಒಂದು ಕೊಂಬೆ ಮಾತ್ರ ಅಲ್ಲಾಡಿದರೆ, ಮೇಲಿಂದ ಕಚ್ಚಿ ಬಿಸಾಡಿದ ಕಾಯಿ ಟಪ್ ಟಪ್ ಅಂತ ಬಿದ್ದರೆ, ಅಲ್ಲೇ ನಿಂತುಬಿಡಿ. ಮಾತು ಬೇಡ, ಬೊಟ್ಟು ಮಾಡಿ ತೋರಿಸುವುದೂ ಬೇಡ. ಸಿಂಗಳೀಕದ ಗುಂಪಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಇರುತ್ತವೆ, ದೊಡ್ಡ ಗಂಡು ಹೆಚ್ಚಾಗಿ ಒಂದೇ. ಒಂದು ಕಂಡರೆ ಸುತ್ತ ಉಳಿದವು ಇವೆ ಅಂತಲೇ ಅರ್ಥ. ಮುಸಿಯ ಮಾತ್ರ ಒಂದೇ ಸಮನೆ ಗಂಟಲು ಹರಿಯುವಂತೆ ಖಕ್ ಖಕ್ ಅಂತ ಕೆಮ್ಮಿದ ಹಾಗೆ ಕೂಗುತ್ತಿದ್ದರೆ ಅದು ನಿಮ್ಮ ಬಗ್ಗೆ ಇರಲಿಕ್ಕಿಲ್ಲ, ಚಿರತೆ ಕಂಡಿರಬಹುದು. ನಡೆಯುತ್ತಿದ್ದರೆ ಮುಂದೆ ಹೋಗದೆ ಜೊತೆಗಾರರು ಹೇಳಿದಂತೆ ಹಿಂದಕ್ಕೆ ಬನ್ನಿ.

ಕಂಡ ಮೇಲೆ ಎಷ್ಟು ಹತ್ತಿರ ಹೋಗಬಹುದು? ನಿಮ್ಮಿಂದಾಗಿ ಅದು ತಿನ್ನುವುದನ್ನು ನಿಲ್ಲಿಸಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಂತರೆ ಬಹಳ ಸಲ ಅದು ಮತ್ತೆ ತನ್ನ ಕೆಲಸಕ್ಕೆ ತೊಡಗುತ್ತದೆ. ಆ ನಂತರದ ಹತ್ತು ನಿಮಿಷ ನಿಜವಾದ ನೋಟ. ಮರಿಗಳು ಬಾಲ ಹಿಡಿದು ಎಳೆದಾಡುವುದು, ತೊಗಟೆ ಸುಲಿದು ಹುಳ ತೆಗೆಯುವುದು, ಗಂಡು ಎದ್ದು ಹೋದ ಕಡೆ ಉಳಿದವು ಒಂದೊಂದಾಗಿ ಹೊರಡುವುದು, ಎಲ್ಲ ಕಾಣುತ್ತದೆ. ಬಿಸ್ಕತ್ ಎಸೆದವರಿಗೆ ಇದು ಕಾಣುವುದಿಲ್ಲ. ಅವರು ನೋಡುವುದು ಕಿತ್ತಾಟ ಮಾತ್ರ.

5. ಮುಖ ಓದಲು ಕಲಿಯಿರಿ

ಹಲ್ಲು ತೋರಿಸಿದರೆ ನಗು ಅಂತ ನಾವು ಅಂದುಕೊಳ್ಳುತ್ತೇವೆ. ಮಂಗ ತುಟಿ ಹಿಂದಕ್ಕೆಳೆದು, ಸದ್ದಿಲ್ಲದೆ, ಕಚ್ಚಿ ಹಿಡಿದ ಹಲ್ಲು ತೋರಿಸಿದರೆ ಅದು ಹೆದರಿದೆ. ಬಾಯಿ ಅಗಲ ತೆರೆದು, ಕಣ್ಣು ಕೀಳದೆ ದಿಟ್ಟಿಸಿ, ಹುಬ್ಬು ಮೇಲೆತ್ತಿ, ತಲೆ ಮುಂದೆ ಚಾಚಿದರೆ ಅದು ಹೆದರಿಸುತ್ತಿದೆ. ಎದುರಿಗೆ ಕೂತು ಉದ್ದಕ್ಕೆ ಆಕಳಿಸಿ ಕೋರೆಹಲ್ಲು ಕಾಣಿಸುವ ಗಂಡಿಗೆ ನಿದ್ದೆ ಬಂದಿದೆ ಅಂದುಕೊಳ್ಳಬೇಡಿ, ಅದೂ ಎಚ್ಚರಿಕೆಯೇ. ತುಟಿಯನ್ನು ಬೇಗ ಬೇಗ ಚಪ್ಪರಿಸಿದರೆ ಮಾತ್ರ ಅದು ಸ್ನೇಹದ ಸನ್ನೆ.

ಹಾಗೆಯೇ ನಮ್ಮ ಮುಖವನ್ನು ಅವೂ ಓದುತ್ತವೆ. ನೀವು ಹಲ್ಲು ಕಾಣುವಂತೆ ನಕ್ಕು, ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದಕ್ಕೆ ಅದು ಜಗಳದ ಕರೆ. ಸ್ವಲ್ಪ ಓರೆಯಾಗಿ ನಿಂತು, ಭುಜದ ಕಡೆಗೋ ಕೊಂಬೆಯ ಕಡೆಗೋ ನೋಡಿ. ಮಕ್ಕಳಿಗೆ ಇದನ್ನು ಮನೆಯಲ್ಲೇ ಆಟದಂತೆ ಹೇಳಿಕೊಡಿ, ಬೇಗ ಕಲಿಯುತ್ತಾರೆ. ಮಕ್ಕಳ ಎತ್ತರ ಕಡಿಮೆ, ಮಂಗದ ಕಣ್ಣಿಗೆ ನೇರವಾಗಿ ಸಿಗುತ್ತಾರೆ, ಹಾಗಾಗಿ ಗುಂಪಿನಲ್ಲಿ ಅವರನ್ನು ನಡುವೆ ಇಟ್ಟುಕೊಂಡು ನಡೆಯಿರಿ.

ತಾಯಿ ಮತ್ತು ಮರಿಯ ನಡುವೆ ಯಾವತ್ತೂ ನಿಲ್ಲಬೇಡಿ. ಮರಿ ತಾನಾಗಿ ನಿಮ್ಮ ಹತ್ತಿರ ಬಂದರೂ ನೀವೇ ಹಿಂದೆ ಸರಿಯಿರಿ.

6. ರಸ್ತೆಯಲ್ಲಿ

ನಿಜವಾಗಿ ಹೇಳಬೇಕಾದ್ದು ಇಲ್ಲಿದೆ. ಸಿಂಗಳೀಕ ಮರದ ಮೇಲೆ ಬದುಕುವ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ದಾಟುತ್ತಾ ನೆಲಕ್ಕೆ ಇಳಿಯದೆ ದಿನ ಕಳೆಯಬಲ್ಲದು. ರಸ್ತೆ ಅಗಲವಾಗಿ ಎರಡೂ ಬದಿಯ ಕೊಂಬೆಗಳು ತಪ್ಪಿಹೋದ ಕಡೆ ಅದು ನೆಲಕ್ಕೆ ಇಳಿದು ದಾಟಲೇಬೇಕು. ಅದು ಒಂದು ಕಾರಣ. ಇನ್ನೊಂದು ಕಾರಣ ನಾವು ಎಸೆಯುವ ಬಾಳೆಹಣ್ಣು. ಒಂದು ಸಲ ರುಚಿ ಹತ್ತಿತೆಂದರೆ ಗುಂಪು ರಸ್ತೆಯ ಪಕ್ಕದಲ್ಲೇ ಕಾಯಲು ಶುರು ಮಾಡುತ್ತದೆ. ತಮಿಳುನಾಡಿನ ವಾಲ್ಪಾರೈ ಹತ್ತಿರ ಪುದುತೋಟ್ಟಂ ಅನ್ನುವ ಕಡೆ ಸಿಂಗಳೀಕಗಳು ಮನೆಗಳಿಗೇ ನುಗ್ಗುವಷ್ಟು ಪಳಗಿವೆ, ವಾಹನಕ್ಕೆ ಸಿಕ್ಕಿ ಸತ್ತಿವೆ. ಅಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ರಸ್ತೆಯ ಮೇಲೆ ಮರದಿಂದ ಮರಕ್ಕೆ ಪಟ್ಟಿಯ ಸೇತುವೆ ಕಟ್ಟಿಸಿದ್ದಾರೆ, ಮಂಗಗಳು ಅದರ ಮೇಲೆ ದಾಟುತ್ತವೆ. ನಮ್ಮ ಶರಾವತಿಯ ಗುಂಪುಗಳು ಆ ಸ್ಥಿತಿಗೆ ಬರಬಾರದು ಅಲ್ವಾ?

ಹನುಮಪ್ಪನ ಹೆಸರಲ್ಲಿ ಮಂಗಕ್ಕೆ ಹಣ್ಣು ಕೊಡುವ ರೂಢಿ ನಮ್ಮಲ್ಲಿ ಇದೆ. ಶನಿವಾರ ಗೊನೆ ಬಾಳೆಹಣ್ಣು ತಂದು ಘಾಟಿಯಲ್ಲಿ ಹಂಚುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಗೊನೆಯನ್ನು ಯಾವುದಾದರೂ ಗೋಶಾಲೆಗೆ, ಶಾಲೆಯ ಮಕ್ಕಳಿಗೆ ಕೊಡಿ ಅಂತ ಕೈಮುಗಿದು ಕೇಳುತ್ತೇನೆ. ಘಾಟಿಯ ತಿರುವಿನಲ್ಲಿ ಎಸೆದ ಒಂದೊಂದು ಹಣ್ಣೂ ಒಂದು ಮಂಗವನ್ನು ಬಸ್ಸಿನ ಚಕ್ರದ ಹತ್ತಿರಕ್ಕೆ ಕರೆಯುತ್ತದೆ. ಅಭಯಾರಣ್ಯದೊಳಗೆ ಪ್ರಾಣಿಗಳಿಗೆ ತಿನ್ನಲು ಕೊಡುವುದಕ್ಕೆ ನಿಷೇಧವೂ ಇದೆ.

ವಾಹನ ಓಡಿಸುವವರಿಗೆ: ಮೇಲೆ ಕೊಂಬೆ ಕೂಡಿಲ್ಲದ ಕಡೆ ನಿಧಾನ ಮಾಡಿ. ಒಂದು ದಾಟಿತೆಂದು ಗೇರು ಬದಲಿಸಬೇಡಿ, ಹಿಂದೆ ಇನ್ನೂ ಇರುತ್ತವೆ. ಎಲ್ಲ ದಾಟುವವರೆಗೆ ಕಾಯಿರಿ, ಹಿಂದಿನ ಗಾಡಿಗೆ ಕಾಣಲಿ ಅಂತ ದೀಪ ಮಿನುಗಿಸಿ, ಹಾರ್ನ್ ಬೇಡ. ನಿಲ್ಲಿಸಿದಾಗ ಗಾಜು ಪೂರ್ತಿ ಏರಿಸಿ, ಅರ್ಧ ತೆರೆದ ಗಾಜಿನಲ್ಲಿ ಮಂಗದ ಕೈ ಸಲೀಸಾಗಿ ತೂರುತ್ತದೆ. ತಿಂದ ಸಿಪ್ಪೆ, ಬೀಜ ಕೂಡ ಹೊರಗೆ ಎಸೆಯಬೇಡಿ. "ಅದು ಮಣ್ಣಾಗುತ್ತೆ ಬಿಡಿ" ಅನ್ನುವುದು ಈ ರಸ್ತೆಯಲ್ಲಿ ಸರಿಯಾದ ಮಾತಲ್ಲ.

7. ಎದುರಿಗೆ ಬಂದೇಬಿಟ್ಟರೆ

ಓಡಬೇಡಿ. ಬೆನ್ನು ತೋರಿಸಬೇಡಿ. ನೆಟ್ಟಗೆ ನಿಂತು ಎರಡೂ ಅಂಗೈ ಬಿಡಿಸಿ ಖಾಲಿ ಕೈ ತೋರಿಸಿ, ಅದರ ಕಣ್ಣು ನೋಡದೆ ನಿಧಾನವಾಗಿ ಹಿಂದಕ್ಕೆ ಹೆಜ್ಜೆ ಇಡಿ. ಮಂಗ ನುಗ್ಗಿ ಬಂದು ನಾಲ್ಕು ಅಡಿ ದೂರದಲ್ಲಿ ನಿಂತುಬಿಡುವುದು ಬಹಳ ಸಾಮಾನ್ಯ, ಅದು ಹೆದರಿಸುವ ಬಗೆ. ಆಗ ಕಿರುಚಿ ಓಡಿದರೆ ಅದಕ್ಕೆ ಅಟ್ಟಿಸಿಕೊಂಡು ಬರಲು ಧೈರ್ಯ ಬರುತ್ತದೆ.

ಚೀಲ ಹಿಡಿದರೆ ಬಿಟ್ಟುಬಿಡಿ. ಎಳೆದಾಡಿದವರಿಗೇ ಸಾಮಾನ್ಯವಾಗಿ ಕಚ್ಚುವುದು. ಬಿಟ್ಟ ಚೀಲವನ್ನು ಅದು ತಡಕಾಡಿ, ತಿನ್ನುವುದು ಸಿಗದಿದ್ದರೆ ಅಲ್ಲೇ ಬಿಸಾಡಿ ಹೋಗುತ್ತದೆ. ಮೊಬೈಲು ಹೋದರೆ ವಾಪಸ್ ಪಡೆಯಲು ತಿಂಡಿ ತೋರಿಸುತ್ತಾರೆ ಕೆಲವರು. ಮೊಬೈಲು ಕಿತ್ತರೆ ತಿಂಡಿ ಸಿಗುತ್ತದೆ ಅಂತ ಅದಕ್ಕೆ ನಾವೇ ಪಾಠ ಹೇಳಿಕೊಟ್ಟಂತೆ. ಅದು ಬೇಸತ್ತು ಕೆಳಗೆ ಹಾಕುವವರೆಗೆ ದೂರ ನಿಂತು ಕಾಯುವುದು ಮೇಲು.

ಹೆಗಲ ಮೇಲೆ ಹತ್ತಿದರೆ ಕೈಯಿಂದ ಹಿಡಿದು ಎಳೆಯಬೇಡಿ, ಕಿರುಚಬೇಡಿ. ಸ್ವಲ್ಪ ಬಾಗಿ, ಕೈಗಳನ್ನು ಮುಖದಿಂದ ದೂರ ಇಟ್ಟು, ಇತರ ಮಂಗಗಳಿಲ್ಲದ ಕಡೆ ನಿಧಾನವಾಗಿ ನಡೆಯಿರಿ, ಇಳಿದುಹೋಗುತ್ತದೆ. ಒಂದು ಊರುಗೋಲು ಕೈಯಲ್ಲಿದ್ದರೆ ಒಳ್ಳೆಯದು, ಹೊಡೆಯಲು ಅಲ್ಲ, ನೆಲಕ್ಕೆ ಕುಟ್ಟಿದರೇ ಸಾಕು. ಕಲ್ಲು ಬೀರಬೇಡಿ. ಸಿಂಗಳೀಕಕ್ಕೆ ಕಾನೂನಿನಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ.

8. ಕಚ್ಚಿದರೆ, ಪರಚಿದರೆ

ಗಾಯ ಸಣ್ಣದು, ರಕ್ತ ಬಂದಿಲ್ಲ ಅಂತ ಬಿಡಬೇಡಿ. ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಅಂದರೆ ಬಹಳ ಹೊತ್ತು ಅನ್ನಿಸುತ್ತದೆ, ಗಡಿಯಾರ ನೋಡಿಯೇ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಒತ್ತಬೇಡಿ, ಬಿಗಿಯಾಗಿ ಕಟ್ಟಬೇಡಿ. ಆಮೇಲೆ ಅವತ್ತೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಅಲ್ಲಿ "ಏನೋ ಪರಚಿತು" ಅನ್ನದೆ ಕಾಡಿನ ಮಂಗ ಕಚ್ಚಿದೆ ಅಂತ ಸ್ಪಷ್ಟವಾಗಿ ಹೇಳಿ. ರೇಬಿಸ್ ಲಸಿಕೆ ಮೊದಲ ದಿನ, 3ನೇ ದಿನ, 7ನೇ ದಿನ, ಹೀಗೆ 28ನೇ ದಿನದವರೆಗೂ ಇರುತ್ತದೆ. ಪ್ರವಾಸ ಮುಗಿಸಿ ಊರಿಗೆ ಬಂದ ಮೇಲೆ ಉಳಿದ ಡೋಸ್ ಮರೆಯುವವರೇ ಜಾಸ್ತಿ, ಚೀಟಿ ಜೋಪಾನ ಮಾಡಿ ಊರಿನ ಆಸ್ಪತ್ರೆಯಲ್ಲಿ ಮುಂದುವರಿಸಿ. ಚರ್ಮ ಸೀಳಿದ ಗಾಯಕ್ಕೆ, ಅದು ಸಣ್ಣದಾದರೂ, ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುತ್ತದೆ, ಟಿಟಿ ಚುಚ್ಚುಮದ್ದನ್ನೂ ಕೇಳಿ. ಮಂಗದ ಜಾತಿಗಳಲ್ಲಿ ಹರ್ಪಿಸ್ ಬಿ ಅನ್ನುವ ವೈರಸ್ ಇರಬಹುದು. ಮನುಷ್ಯರಿಗೆ ತಗಲುವುದು ತೀರಾ ಅಪರೂಪ, ತಗಲಿದರೆ ಅಪಾಯ. ಕಚ್ಚಿದ ಜಾಗದಲ್ಲಿ ಗುಳ್ಳೆ, ಜೋಮು, ಜ್ವರ ಕಂಡರೆ ವೈದ್ಯರಿಗೆ ಮತ್ತೆ ತೋರಿಸಿ.

9. ಉಣುಗು ಮತ್ತು ಮಂಗನ ಕಾಯಿಲೆ

ಮಲೆನಾಡಿಗೆ ಬರುವವರಲ್ಲಿ ಇದನ್ನು ತಿಳಿದುಕೊಂಡು ಬರುವವರು ಕಡಿಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು, ಜನರಿಗೂ ಜ್ವರ ಬಂತು. ಕಾಯಿಲೆಗೆ ಆ ಕಾಡಿನ ಹೆಸರೇ ಬಿತ್ತು, ಜನ ಮಂಗನ ಕಾಯಿಲೆ ಅಂದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ಸತ್ತಾಗ ಇಡೀ ರಾಜ್ಯವೇ ಆ ಹೆಸರು ಕೇಳಿತು. ಅದು ಇದೇ ಶರಾವತಿ ಕಣಿವೆಯ ಊರು.

ಹೆಸರು ಹಾಗಿದ್ದರೂ ಮಂಗ ಕಚ್ಚಿ ಇದು ಬರುವುದಿಲ್ಲ. ಕಾಡಿನ ಉಣುಗು ಕಚ್ಚಿ ಬರುತ್ತದೆ. ಮುಸಿಯ ಮತ್ತು ಮಂಗಕ್ಕೂ ಉಣುಗಿನಿಂದಲೇ ಅಂಟುತ್ತದೆ, ಅವು ಸತ್ತಾಗ ಮೈಮೇಲಿದ್ದ ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಸತ್ತ ಮಂಗದ ಹತ್ತಿರ ಹೋಗಬಾರದು ಅನ್ನುವುದಕ್ಕೆ ಕಾರಣ ಇದು. ಫೋಟೊ ತೆಗೆಯಲೂ ಹೋಗಬೇಡಿ. ಜಾಗ ನೆನಪಿಟ್ಟುಕೊಂಡು ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಒಂದು ಮಂಗ ಸತ್ತ ಸುದ್ದಿ ಬೇಗ ಮುಟ್ಟಿದರೆ ಆ ಊರಿನವರನ್ನು ಎಚ್ಚರಿಸಲು ಅವರಿಗೆ ಸಮಯ ಸಿಗುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಆಗ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಎಳೆಯ ಉಣುಗು ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ನಿವಾರಕ ಹಚ್ಚಿ. ಮಲೆನಾಡಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಡೆಪಾ ತೈಲ ಹಂಚುತ್ತಾರೆ, ಹೋಂಸ್ಟೇಯಲ್ಲಿ ಕೇಳಿ ನೋಡಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿ. ಕಂಕುಳು, ಸೊಂಟ, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ. ಹತ್ತಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಹಿಸುಕಬೇಡಿ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ನಿಲ್ಲಿಸಿದ್ದಾರೆ, ಹಾಗಾಗಿ ಎಚ್ಚರಿಕೆಯೊಂದೇ ದಾರಿ.

ಊರಿಗೆ ಹೋದ ಮೇಲೆ, ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ, ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಬೆಂಗಳೂರಿನ ವೈದ್ಯರು ಡೆಂಗಿ ಅಂದುಕೊಳ್ಳಬಹುದು. ನೀವೇ ಬಾಯಿಬಿಟ್ಟು ಹೇಳಬೇಕು, ಶರಾವತಿ ಕಾಡಿಗೆ ಹೋಗಿದ್ದೆ, ಮಂಗನ ಕಾಯಿಲೆಯ ಪರೀಕ್ಷೆಯೂ ಆಗಲಿ ಅಂತ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮನೆಯವರು ಹೆದರಬೇಕಾಗಿಲ್ಲ.

10. ಫೋಟೊ

ಫ್ಲ್ಯಾಶ್ ಬೇಡ. ಮಂಗಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡ. ಡ್ರೋನ್ ಹಾರಿಸಲು ಇಲ್ಲಿ ಅವಕಾಶವಿಲ್ಲ. ಮೊಬೈಲಿನಲ್ಲಿ ಸಿಂಗಳೀಕದ ಕೂಗು ಹಾಕಿ ಕರೆಯುವುದಂತೂ ಖಂಡಿತ ಬೇಡ, ಬೇರೆ ಗುಂಪು ತಮ್ಮ ಜಾಗಕ್ಕೆ ಬಂತೆಂದು ಗಂಡು ಕಂಗಾಲಾಗುತ್ತದೆ. ಕರಿ ಮೈ, ಹಿಂದೆ ಬೆಳಕಿನ ಆಕಾಶ, ಹಾಗಾಗಿ ತೆಗೆದದ್ದು ಬರೀ ಕಪ್ಪು ಮುದ್ದೆಯಾಗಿ ಬರುತ್ತದೆ. ಬೆಳಕನ್ನು ಒಂದೆರಡು ಹಂತ ಏರಿಸಿ, ಎಲೆ ಹಿನ್ನೆಲೆಯಾಗುವಂತೆ ನಿಂತು ನೋಡಿ. ಫೋಟೊ ಹಾಕುವಾಗ ಗುಂಪು ಕಂಡ ನಿಖರ ಜಾಗ, ಮ್ಯಾಪಿನ ಗುರುತು ಹಾಕಬೇಡಿ. "ಶರಾವತಿ ಕಣಿವೆ" ಅಂದರೆ ಸಾಕು, ಇಲ್ಲದಿದ್ದರೆ ಮುಂದಿನ ಭಾನುವಾರ ಅದೇ ಮರದ ಕೆಳಗೆ ಇಪ್ಪತ್ತು ಕಾರು ನಿಂತಿರುತ್ತವೆ.

ಗಾಯಗೊಂಡ ಮಂಗ ಕಂಡರೆ, ಯಾರಾದರೂ ಮರಿ ಹಿಡಿದಿದ್ದು ಕಂಡರೆ, ನೀವೇ ಎತ್ತಿಕೊಳ್ಳಲು ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಘಾಟಿಯಲ್ಲಿ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ಆದ್ದರಿಂದ ಆ ಜಾಗದ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಂಡು, ಮಾವಿನಗುಂಡಿಗೋ ಗೇರುಸೊಪ್ಪೆಗೋ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ಹೇಳಿ.